ರಸ್ತೆಗಳ ಪಾಲನೆಯೂ ತಣ್ಣನೆಯ ಡಾಂಬರೂ

ಮಳೆಗಾಲವು ಬಂದಿತೆಂದರೆ ನಮ್ಮ ನಾಡಿನಲ್ಲಿ ಎರಡು ಸಂಗತಿಗಳು ವರುಷವರುಷವೂ ತಪ್ಪದೆ ನಡೆಯುತ್ತವೆ. ರಸ್ತೆಗಳಲ್ಲಿ ತಗ್ಗುಗುಂಡಿಗಳು ಬೀಳುವದು ಒಂದು. ಮಳೆಯು ನಿಂತ ಕೂಡಲೇ ಅವುಗಳನ್ನೆಲ್ಲ ಮುಚ್ಚಲಾಗುವದೆಂದು ಅಧಿಕಾರಿವರ್ಗದವರು ಪ್ರಕಟಿಸುವದು ಇನ್ನೊಂದು. ಮೊದಲನೆಯದು ಮುಂಗಾರಿನ ಆರಂಭದಲ್ಲಿಯೇ ಆಗಿಹೋಗುವದು. ಎರಡನೆಯದು ದೀಪಾವಳಿ ಕಳೆದರೂ ಅನೇಕ ಕಡೆಗಳಲ್ಲಿ ಕೈಗೂಡುವದಿಲ್ಲ. ಈ ನಡುವಣ ನಾಲ್ಕೈದು ತಿಂಗಳ ಕಾಲ ಬಸ್ಸಿನಲ್ಲಿ ಕುಳಿತ ಗರ್ಭಿಣಿಯೂ, ದ್ವಿಚಕ್ರವಾಹನದ ಮೇಲೆ ಕೆಲಸಕ್ಕೆ ಹೊರಟ ಗೃಹಸ್ಥನೂ, ಸಂತೆಗೆ ತರಕಾರಿ ಹೇರಿಕೊಂಡು ಬಂದ ರೈತನೂ ದೈವವನ್ನು ನೆನೆಯುತ್ತ ಪ್ರಯಾಣ ಮಾಡಬೇಕಾಗಿದೆ. ಇದು ಬರಿಯ ಅನನುಕೂಲದ ಮಾತಲ್ಲ. ದೇಶದ ಪರಮೋಚ್ಚ ನ್ಯಾಯಾಲಯವು 2018ನೆಯ ಇಸವಿಯ ಡಿಸೆಂಬರದಲ್ಲಿ ಈ ವಿಷಯವನ್ನು ಎತ್ತಿಕೊಂಡಾಗ ಅದರ ಮುಂದೆ ಬಂದ ಲೆಕ್ಕದಂತೆ, 2013ರಿಂದ 2017ರ ವರೆಗಿನ ಐದು ವರ್ಷಗಳಲ್ಲಿ ರಸ್ತೆಯ ಗುಂಡಿಗಳ ನಿಮಿತ್ತವಾಗಿ ಪ್ರಾಣ ಕಳೆದುಕೊಂಡವರ ಸಂಖ್ಯೆಯು 14,926. ಗಡಿಯಲ್ಲಿ ಸತ್ತವರ ಸಂಖ್ಯೆಗಿಂತಲೂ ಇದು ಹೆಚ್ಚಾಗಿದ್ದೀತೆಂದು ನ್ಯಾಯಾಧೀಶರೇ ಉದ್ಗರಿಸಿದರು. ಯುದ್ಧವಿಲ್ಲದೆ, ವೈರಿಯಿಲ್ಲದೆ, ಕೇವಲ ಅಲಕ್ಷ್ಯದಿಂದ ಇಷ್ಟು ಜನರನ್ನು ಬಲಿಗೊಟ್ಟ ರಾಷ್ಟ್ರವು ಆ ಅಲಕ್ಷ್ಯದ ಕಾರಣವನ್ನು ಶೋಧಿಸಲೇಬೇಕಾಗಿದೆ.

ಕಾರಣವನ್ನು ಕೇಳಿದರೆ ಇಲಾಖೆಯವರಿಂದ ಬರುವ ಉತ್ತರವು ಒಂದೇ: “ಮಳೆಯಲ್ಲಿ ಡಾಂಬರಿನ ಕೆಲಸವಾಗುವದಿಲ್ಲ.” ವಾಚಕರು ಈ ಉತ್ತರವನ್ನು ಎಷ್ಟು ಸಲ ಕೇಳಿದ್ದಾರೆಂದರೆ, ಇದು ಸೃಷ್ಟಿನಿಯಮವೇ ಇರಬೇಕೆಂದು ನಂಬಿಬಿಟ್ಟಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧಸತ್ಯ ಮಾತ್ರ. ಕಾಯಿಸಿದ ಡಾಂಬರಿನ ಕೆಲಸವು ಮಳೆಯಲ್ಲಿ ಆಗುವದಿಲ್ಲವೆಂಬದು ನಿಜ. ಆದರೆ ಡಾಂಬರನ್ನು ಕಾಯಿಸದೆ ಹಾಕುವ ವಿಧಾನವೊಂದು ನೂರು ವರ್ಷಗಳಿಂದ ಲೋಕದಲ್ಲಿ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿಯೂ ಅದಕ್ಕೆ ಪ್ರಮಾಣಗ್ರಂಥಗಳಿವೆ. ಅದನ್ನು ತಯಾರಿಸುವ ಕಾರ್ಖಾನೆಗಳಿವೆ. ಇಷ್ಟಿದ್ದರೂ ದಿನವಹಿ ರಸ್ತೆಪಾಲನೆಯಲ್ಲಿ ಅದಕ್ಕೆ ಸಲ್ಲತಕ್ಕ ಸ್ಥಾನವು ಇನ್ನೂ ಸಂದಿಲ್ಲ. ಎಂಜಿನಿಯರರು ‘ಎಮಲ್ಶನ್’ ಎಂದು ಕರೆಯುವ ಈ ತಣ್ಣನೆಯ ಡಾಂಬರಿನ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ.

ಮೊದಲು ಈಗ ನಡೆದುಬಂದ ಪದ್ಧತಿಯನ್ನು ನೋಡೋಣ. ನಾವು ರೂಢಿಯಲ್ಲಿ ಡಾಂಬರು ಎನ್ನುವದು ಕಲ್ಲೆಣ್ಣೆಯನ್ನು ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ ಎಂಬ ಕಪ್ಪು ಅಂಟು. ಸಾಮಾನ್ಯ ಉಷ್ಣತೆಯಲ್ಲಿ ಅದು ಗಟ್ಟಿಯಾಗಿ ನಿಂತಿರುವದು. ಜಲ್ಲಿಯೊಡನೆ ಬೆರೆಯಬೇಕಾದರೆ ಅದನ್ನು 150 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟು ಕಾಯಿಸಬೇಕು. ಅಂಟನ್ನು ಕಾಯಿಸಿದರೆ ಸಾಲದು, ಜಲ್ಲಿಯನ್ನೂ ಅದೇ ಪ್ರಮಾಣಕ್ಕೆ ಕಾಯಿಸಬೇಕು. ಏಕೆಂದರೆ ಹಸಿಜಲ್ಲಿಗೆ ಕಾದ ಡಾಂಬರು ಹತ್ತುವದಿಲ್ಲ. ಕಾದ ಮಿಶ್ರಣವನ್ನು ಆರುವದರೊಳಗಾಗಿ ಲಾರಿಯಲ್ಲಿ ಸಾಗಿಸಿ, ಹರವಿ, ರೋಲರಿನಿಂದ ಒತ್ತಿ ಮುಗಿಸಬೇಕು. ದೊಡ್ಡ ಹೆದ್ದಾರಿಯ ಕೆಲಸದಲ್ಲಿ ಇದೆಲ್ಲವನ್ನೂ ಯಂತ್ರಸ್ಥಾವರಗಳು ಮಾಡುತ್ತವೆ. ಆದರೆ ಸ್ಥಾವರದಿಂದ ಅರವತ್ತು ಎಪ್ಪತ್ತು ಮೈಲಿ ದೂರದ ಹಳ್ಳಿಯ ರಸ್ತೆಯಲ್ಲಿ ಹತ್ತು ಗುಂಡಿಗಳು ಬಿದ್ದರೆ ಅಲ್ಲಿಗೆ ಕಾದ ಮಿಶ್ರಣವನ್ನು ಒಯ್ಯುವವರು ಯಾರು? ಒಯ್ದರೂ ಅದು ದಾರಿಯಲ್ಲಿಯೇ ಆರಿಹೋಗದೆ ಇದ್ದೀತೆ? ಆದಕಾರಣ ಹಳ್ಳಿಗಳ ಕಡೆಗೆ ಇಂದಿಗೂ ರಸ್ತೆಯ ಅಂಚಿನಲ್ಲಿ ಪೀಪಾಯಿಯ ಕೆಳಗೆ ಕಟ್ಟಿಗೆಯ ಬೆಂಕಿ ಹಾಕಿ ಡಾಂಬರು ಕಾಯಿಸುವ ದೃಶ್ಯವು ಕಣ್ಣಿಗೆ ಬೀಳುತ್ತದೆ. ಎಷ್ಟು ಕಾಯಿತೆಂಬದನ್ನು ಅಳೆಯುವವರಿಲ್ಲ. ಕಡಮೆ ಕಾದರೆ ಅಂಟು ಜಲ್ಲಿಯನ್ನು ಮುಸುಕುವದಿಲ್ಲ. ಮಿತಿಮೀರಿ ಕಾದರೆ ಅದರ ಜಿಗುಟೇ ಸುಟ್ಟುಹೋಗಿ ರಸ್ತೆಯು ಎರಡನೆಯ ಬೇಸಗೆಗೇ ಬಿರುಕುಬಿಡುವದು.

ಇನ್ನು ಎಮಲ್ಶನ್ನಿನ ಗುಣವನ್ನು ತಿಳಿಯಲು ನಮ್ಮ ಓದುಗರು ರಸಾಯನಶಾಸ್ತ್ರವನ್ನು ಓದಬೇಕಾಗಿಲ್ಲ, ಅಡಿಗೆಯ ಮನೆಯನ್ನು ಹೊಕ್ಕರೆ ಸಾಕು. ಹಾಲೆಂದರೆ ನೀರಿನಲ್ಲಿ ಕಣ್ಣಿಗೆ ಕಾಣದ ಕಣಗಳಾಗಿ ತೇಲುತ್ತಿರುವ ಜಿಡ್ಡು. ನೀರೂ ಜಿಡ್ಡೂ ತಾವಾಗಿ ಕೂಡುವವಲ್ಲ. ಹಾಲಿನೊಳಗಿನ ಇತರ ಸತ್ತ್ವಗಳು ಅವುಗಳನ್ನು ಕೂಡಿಸಿ ಇಟ್ಟಿರುತ್ತವೆ. ಆ ಕಟ್ಟು ಕೆಟ್ಟಾಗ ಹಾಲು ಒಡೆಯಿತೆನ್ನುತ್ತೇವೆ. ಇದೇ ರೀತಿಯಾಗಿ ಕಾದ ಬಿಟುಮೆನ್ನನ್ನು ಕಾರ್ಖಾನೆಯಲ್ಲಿ ಅತಿವೇಗದಿಂದ ತಿರುಗುವ ಗಿರಣಿಯಲ್ಲಿ ಹಾಯಿಸಿ, ಮಿಲಿಮೀಟರಿನ ಸಾವಿರದಲ್ಲೊಂದಂಶದಿಂದ ನೂರರಲ್ಲೊಂದಂಶದ ವರೆಗಿನ ಕಣಗಳಾಗಿ ಒಡೆದು, ಸಾಬೂನಿನಂಥ ಪದಾರ್ಥವೊಂದರ ನೆರವಿನಿಂದ ನೀರಿನಲ್ಲಿ ತೇಲಿಸಿಡುತ್ತಾರೆ. ಕಾಫಿಯ ಬಣ್ಣದ ತೆಳುವಾದ ದ್ರವವೊಂದು ಸಿದ್ಧವಾಗುವದು. ನೂರು ಪಾಲಿನಲ್ಲಿ ಸಾಮಾನ್ಯವಾಗಿ ಅರುವತ್ತು ಎಪ್ಪತ್ತರ ವರೆಗೆ ಡಾಂಬರು, ಉಳಿದುದೆಲ್ಲ ಹೆಚ್ಚುಕಡಿಮೆ ನೀರು. ಇದನ್ನು ಕಾಯಿಸದೆ, ತಣ್ಣಗಿರುವಂತೆಯೇ, ಕೈಪಂಪಿನಿಂದ ಸಿಂಪಡಿಸಬಹುದು, ಸಲಿಕೆಯಿಂದ ಜಲ್ಲಿಯೊಡನೆ ಕಲಸಬಹುದು. ಕಲ್ಲನ್ನು ಮುಟ್ಟಿದ ಮೇಲೆ ಇದೂ ಹಾಲಿನಂತೆ ಒಡೆಯುವದು. ಎಂಜಿನಿಯರರ ಪರಿಭಾಷೆಯಲ್ಲಿಯೂ ಇದಕ್ಕೆ ಒಡೆಯುವದೆಂದೇ ಹೆಸರು. ಆಗ ನೀರು ಬೇರ್ಪಟ್ಟು ಆರಿಹೋಗಿ, ಕಂದುಬಣ್ಣವು ಕಪ್ಪಾಗಿ, ಡಾಂಬರಿನ ಕಣಗಳು ಒಂದಕ್ಕೊಂದು ಕೂಡಿ ಕಲ್ಲಿಗೆ ಅಂಟಿಕೊಳ್ಳುತ್ತವೆ. ಹಾಲು ಒಡೆದರೆ ಮನೆಯಾಕೆಗೆ ನಷ್ಟ. ಎಮಲ್ಶನ್ ಒಡೆದರೆ ರಸ್ತೆಗೆ ಲಾಭ. ಕೆಲಸದ ಅಗತ್ಯದಂತೆ ಬೇಗನೆ ಒಡೆಯುವ, ಮಧ್ಯಮಗತಿಯಲ್ಲಿ ಒಡೆಯುವ, ನಿಧಾನವಾಗಿ ಒಡೆಯುವ ತರಗತಿಗಳನ್ನು ಬೇರೆ ಬೇರೆಯಾಗಿ ತಯಾರಿಸುತ್ತಾರೆ. ಸಿಂಪಡಿಸುವದಕ್ಕೆ ಮೊದಲನೆಯದು, ಜಲ್ಲಿಯೊಡನೆ ಕಲಸುವದಕ್ಕೆ ಎರಡನೆಯದು, ನಯವಾದ ಪುಡಿಯೊಡನೆ ಕಲಸುವದಕ್ಕೂ ಮಣ್ಣುಜಲ್ಲಿಯ ತಳಕ್ಕೆ ಇಳಿಸುವದಕ್ಕೂ ಮೂರನೆಯದು.

ಈ ವಿದ್ಯೆಯು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಧೂಳಡಗಿಸುವದಕ್ಕಾಗಿ ಹುಟ್ಟಿದ ಈ ಪದಾರ್ಥವು 1920ರ ದಶಕದಲ್ಲಿ ಇಂಗ್ಲಂಡ, ಫ್ರಾನ್ಸ ಮುಂತಾದ ದೇಶಗಳ ರಸ್ತೆಗಳಲ್ಲಿ ಧಾರಾಳವಾಗಿ ಬಳಕೆಗೆ ಬಂದಿತು. ಆ ಕಾಲದ ಎಮಲ್ಶನ್ನಿನಲ್ಲಿ ಒಂದು ಕೊರತೆಯಿದ್ದಿತು. ಅದರೊಳಗಿನ ಡಾಂಬರಿನ ಕಣಗಳು ಋಣವಿದ್ಯುತ್ತನ್ನು ಹೊತ್ತಿರುತ್ತಿದ್ದವು. ಬೆಣಚುಕಲ್ಲಿನ ಅಂಶವು ಹೆಚ್ಚಾಗಿರುವ ಕಲ್ಲುಗಳ ಮೈಮೇಲೆ, ನೀರು ತಗುಲಿದಾಗ, ಇರುವದೂ ಋಣವಿದ್ಯುತ್ತೇ. ಸಮಾನವಾದವು ಒಂದನ್ನೊಂದು ನೂಕುವವಾದ್ದರಿಂದ ಅಂಥ ಕಲ್ಲಿಗೆ ಅದು ಚೆನ್ನಾಗಿ ಹತ್ತುತ್ತಿರಲಿಲ್ಲ. ನೀರು ಆರುವವರೆಗೆ ಕಾಯಬೇಕಾಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಧನವಿದ್ಯುತ್ತನ್ನು ಹೊತ್ತ ಕಣಗಳ ಎಮಲ್ಶನ್ ಬಂದ ಮೇಲೆ ಈ ಕೊರತೆಯು ನೀಗಿತು. ನಮ್ಮ ನಾಡಿನ ಮಟ್ಟಿಗೆ ಇದು ಗಮನಿಸತಕ್ಕ ವಿಷಯವು. ಬೆಂಗಳೂರು, ಮೈಸೂರು, ತುಮಕೂರು, ಕೋಲಾರ ಸೀಮೆಗಳ ಜಲ್ಲಿಯೆಲ್ಲ ಬಹುತರವಾಗಿ ಬೆಣಚಿನಂಶವುಳ್ಳ ಕಗ್ಗಲ್ಲಿನದು. ಈ ಧನವಿದ್ಯುತ್ತಿನ ಎಮಲ್ಶನ್ ಅಂಥ ಕಲ್ಲನ್ನು, ಅದು ಹಸಿಯಾಗಿದ್ದಾಗಲೂ, ತಾನಾಗಿ ಹಿಡಿದುಕೊಳ್ಳುವದು. ಬೆಳಗಾವಿ, ವಿಜಯಪುರಗಳ ಕಡೆಯ ಕರಿಕಲ್ಲಿನ ಖಡಿಗೂ ಇದು ಹೊಂದುವದು. ಭಾರತದಲ್ಲಿ ಇಂದು ರಸ್ತೆಗಳಿಗೆ ಬಳಸುವದು ಈ ಬಗೆಯನ್ನೇ, ಐ.ಎಸ್. 8887 ಎಂಬ ಪ್ರಮಾಣವು ಇದಕ್ಕಾಗಿಯೇ ರಚಿತವಾಗಿದೆ.

ಹಾಗಾದರೆ ನಮ್ಮ ಎಂಜಿನಿಯರರಿಗೆ ಇದರ ಪರಿಚಯವಿಲ್ಲವೆ? ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹೊಸ ರಸ್ತೆಯ ಪ್ರತಿಯೊಂದು ಪದರಿನ ಕೆಳಗೂ ಎಮಲ್ಶನ್ ಇದ್ದೇ ಇದೆ. ಹಳೆಯ ಡಾಂಬರಿನ ಮೇಲೆ ಹೊಸದು ಕೂಡಿಕೊಳ್ಳಲೆಂದು ಚದರ ಮೀಟರಿಗೆ 200ರಿಂದ 300 ಗ್ರಾಮಿನಷ್ಟು ಎಮಲ್ಶನ್ ಸಿಂಪಡಿಸುವದು ಕೇಂದ್ರ ಮಂತ್ರಾಲಯದ ನಿಯಮ. 3.75 ಮೀಟರ ಅಗಲದ ಒಂದು ಕಿಲೋಮೀಟರ ಗ್ರಾಮರಸ್ತೆಗೆ ಲೆಕ್ಕ ಹಾಕಿದರೆ ಇದು 750 ಕಿಲೋದಿಂದ 1,125 ಕಿಲೋ ಆಯಿತು. ಅಂದರೆ ನಾಲ್ಕರಿಂದ ಆರು ಪೀಪಾಯಿ. ಒಂದು ಕಾಲಕ್ಕೆ ಈ ಕೆಲಸಗಳಿಗೆಲ್ಲ ಸೀಮೆಎಣ್ಣೆಯಲ್ಲಿ ಕರಗಿಸಿದ ಡಾಂಬರನ್ನು ಬಳಸುತ್ತಿದ್ದರು. ಸೀಮೆಎಣ್ಣೆಯು ಗಾಳಿಯಲ್ಲಿ ಆರಿಹೋದ ಮೇಲೆ ಅಂಟು ಉಳಿಯುತ್ತಿತ್ತು. ಬಡವರ ಮನೆಯ ದೀಪಕ್ಕೂ ಒಲೆಗೂ ಸಾಲದಿದ್ದ ಎಣ್ಣೆಯನ್ನು ರಸ್ತೆಗೆ ಸುರಿದು ಗಾಳಿಗೆ ಹಾರಿಸಿಬಿಡುವ ಈ ದುಂದನ್ನು ಯಾವ ಅರ್ಥಶಾಸ್ತ್ರವು ಸಮರ್ಥಿಸಬಲ್ಲುದು? 1973ನೆಯ ಇಸವಿಯಲ್ಲಿ ಎಣ್ಣೆಯ ದುರ್ಭಿಕ್ಷವು ತಲೆದೋರಿದ ಮೇಲೆ ಅಮೇರಿಕದಂಥ ಸಂಪನ್ನ ದೇಶವೇ ಈ ಪದ್ಧತಿಯಿಂದ ಹಿಂದೆಗೆದು ಎಮಲ್ಶನ್ನಿನ ಕಡೆಗೆ ತಿರುಗಿತು. ಕರಗಿಸುವ ಎಣ್ಣೆಗೆ ಬದಲಾಗಿ ನೀರು! ಬಿಟುಮೆನ್ನಿಗಾಗಿ ಪರದೇಶದ ಮುಖ ನೋಡುವ ನಮಗೆ ಇದರ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ. ವರ್ಷಕ್ಕೆ ಸುಮಾರು 80 ಲಕ್ಷ ಟನ್ನಿಗೂ ಮಿಕ್ಕಿದ ಬಿಟುಮೆನ್ ನಮ್ಮ ದೇಶದಲ್ಲಿ ಖರ್ಚಾಗುತ್ತಿದೆ. ಮಂಗಳೂರು ಮೊದಲಾದೆಡೆಗಳ ಶುದ್ಧೀಕರಣಾಲಯಗಳಲ್ಲಿ ಅದು ತಯಾರಾಗುತ್ತಿದ್ದರೂ ಸಾಲದೆ ಒಂದು ದೊಡ್ಡ ಪಾಲು ಹಡಗಿನಲ್ಲಿ ಬರುತ್ತಿದೆ.

ಆದುದರಿಂದ ಪದಾರ್ಥವೂ ಇದೆ, ಪರಿಚಯವೂ ಇದೆ. ಇಲ್ಲದಿರುವದು ಗುಂಡಿಬಿದ್ದ ಹೊತ್ತಿಗೇ ಅದನ್ನು ಬಳಸಬೇಕೆಂಬ ಸಂಕಲ್ಪ. ಗುಂಡಿಯು ಹುಟ್ಟುವ ಬಗೆಯನ್ನು ಸ್ವಲ್ಪ ವಿಚಾರಿಸಿದರೆ ಇದರ ಮಹತ್ತ್ವವು ಮನದಟ್ಟಾಗುವದು. ಬೇಸಗೆಯಲ್ಲಿ ಡಾಂಬರಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವದು. ಮೊದಲ ಮಳೆಯ ನೀರು ಅದರೊಳಗೆ ಇಳಿಯುವದು. ಮೇಲೆ ಲಾರಿಯ ಗಾಲಿ ಹಾಯ್ದಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ ಚಿಮ್ಮುತ್ತ ಅಂಟನ್ನು ಕಲ್ಲಿನಿಂದ ಬಿಡಿಸುವದು. ನಾಲ್ಕು ಹರಳು ಕಿತ್ತುಬಂದ ಕಡೆ ನೀರು ನಿಲ್ಲುವದು. ನೀರು ನಿಂತಲ್ಲಿ ಕೆಳಗಿನ ಜಲ್ಲಿಮಣ್ಣು ಮೆತ್ತಗಾಗುವದು. ಹೀಗೆ ಬೊಗಸೆಯಷ್ಟಿದ್ದ ತಗ್ಗು ಹದಿನೈದು ದಿನಗಳಲ್ಲಿ ಹೊಂಡವಾಗುವದು. ಬೊಗಸೆಯಷ್ಟಿದ್ದಾಗ ಎರಡು ಬುಟ್ಟಿ ಜಲ್ಲಿ, ಒಂದು ಬಕೀಟು ಎಮಲ್ಶನ್, ಇಬ್ಬರು ಆಳುಗಳಿಂದ ಆಗುವ ಕೆಲಸಕ್ಕೆ ಕಾರ್ತಿಕಮಾಸದಲ್ಲಿ ಸ್ಥಾವರ, ಲಾರಿ, ರೋಲರು, ಟೆಂಡರು, ಅಂದಾಜುಪಟ್ಟಿ ಎಲ್ಲವೂ ಬೇಕಾಗುತ್ತವೆ. ಉಗುರಿನಿಂದ ಹೋಗುವದಕ್ಕೆ ಕೊಡಲಿ ಎತ್ತುವದೆಂದರೆ ಇದೇ. ಅಷ್ಟರ ತನಕ ಆ ಹೊಂಡಕ್ಕೆ ಕೆಂಪುಮಣ್ಣನ್ನೂ ಇಟ್ಟಿಗೆಯ ಚೂರುಗಳನ್ನೂ ತುಂಬಿ ದುರಸ್ತಿಯಾಯಿತೆನ್ನುವವರನ್ನು ಕುರಿತು ನಾವು ಏನು ಹೇಳೋಣ! ಮುಂದಿನ ಮಳೆಗೆ ಆ ಮಣ್ಣು ಕೆಸರಾಗಿ ದ್ವಿಚಕ್ರವಾಹನದವನಿಗೆ ಎರಡನೆಯ ಯಮನಾಗುವದು.

ಕೆಲಸದ ಕ್ರಮವು ಕಷ್ಟದ್ದಲ್ಲ. ಗುಂಡಿಯ ಅಂಚುಗಳನ್ನು ಚಚ್ಚೌಕವಾಗಿ ಗಟ್ಟಿ ಭಾಗದ ವರೆಗೆ ಕಡಿಯಬೇಕು. ನಿಂತ ನೀರನ್ನೂ ಸಡಿಲು ಹರಳನ್ನೂ ತೆಗೆದು ಹಾಕಬೇಕು. ತಳಕ್ಕೂ ಪಕ್ಕಗಳಿಗೂ ಎಮಲ್ಶನ್ನಿನ ತೆಳುವಾದ ಲೇಪವನ್ನು ಕೊಟ್ಟು, ಕಲಸಿದ ಜಲ್ಲಿಯನ್ನು ಪದರುಪದರಾಗಿ ತುಂಬಿ ದಿಮ್ಮಿಸಿನಿಂದ ಚೆನ್ನಾಗಿ ಬಡಿದು, ಮೇಲೆ ನಯವಾದ ಹರಳು ಎರಚಬೇಕು. ಕಲ್ಲು ತೇವವಾಗಿದ್ದರೆ ಚಿಂತೆಯಿಲ್ಲ. ಆದರೆ ಧಾರಾಕಾರವಾಗಿ ಮಳೆ ಸುರಿಯುತ್ತಿರುವಾಗ ಇದನ್ನೂ ಹಾಕಬಾರದು. ಒಡೆಯುವ ಮೊದಲೇ ಅಂಟು ತೊಳೆದುಹೋಗಬಹುದು. ಎರಡು ಮಳೆಗಳ ನಡುವೆ ಬಿಡುವು ಸಿಕ್ಕರೆ ಸಾಕೆಂಬದೇ ಇದರ ಹೆಚ್ಚುಗಾರಿಕೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಲ್ಲಿಯೂ ಆಷಾಢದಲ್ಲಿ ಹೊಳವಾಗುವ ಗಳಿಗೆಗಳು ಇದ್ದೇ ಇರುತ್ತವೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರಕನ್ನಡ ಜಿಲ್ಲೆಗಳ ಘಟ್ಟದ ದಾರಿಗಳಲ್ಲಿ ಈ ಗಳಿಗೆಗಳನ್ನು ಹಿಡಿದು ಕೆಲಸ ಮಾಡುವ ಗ್ಯಾಂಗುಗಳಿದ್ದರೆ ಅಲ್ಲಿಯ ಜನರ ಬವಣೆಯು ಎಷ್ಟೋ ಕಡಮೆಯಾದೀತು.

ಗ್ಯಾಂಗಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಹಿಂದೆ ಲೋಕೋಪಯೋಗಿ ಇಲಾಖೆಯಲ್ಲಿ ಮೈಲಿಮೈಲಿಗೆ ಗ್ಯಾಂಗುಕೂಲಿಗಳೂ ಅವರ ಮೇಲೊಬ್ಬ ಮೇಸ್ತ್ರಿಯೂ ಇರುತ್ತಿದ್ದರು. ತಮ್ಮ ಪಾಲಿನ ರಸ್ತೆಯ ಪ್ರತಿಯೊಂದು ಮೋರಿಯೂ ಅವರಿಗೆ ಗೊತ್ತಿರುತ್ತಿತ್ತು. ಕಾಲಕ್ರಮದಲ್ಲಿ ಕೆಲಸವೆಲ್ಲ ಗುತ್ತಿಗೆಗೆ ಹೋಗಿ ಈ ಪದ್ಧತಿಯು ಕ್ಷೀಣಿಸಿತು, ರಸ್ತೆಗಳು ಅನಾಥವಾದವು. ತಣ್ಣನೆಯ ಡಾಂಬರಿನ ಕೆಲಸವು ಕೈಕೆಲಸಕ್ಕೆ ಒಗ್ಗತಕ್ಕದ್ದು. ಬೆಂಕಿಯಿಲ್ಲ, ಹೊಗೆಯಿಲ್ಲ, ದೊಡ್ಡ ಯಂತ್ರದ ಹಂಗಿಲ್ಲ. ಹತ್ತು ದಿನಗಳ ತರಬೇತಿಯಿಂದ ಆಯಾ ಊರಿನ ಸ್ತ್ರೀಪುರುಷರೇ ಇದನ್ನು ಕಲಿತು, ತಮ್ಮ ಊರ ದಾರಿಯನ್ನು ತಾವೇ ನೋಡಿಕೊಂಡು, ಆ ಕೂಲಿಯನ್ನು ಊರಿನಲ್ಲಿಯೇ ಉಳಿಸಿಕೊಳ್ಳಬಹುದು. ಗ್ರಾಮಸ್ವರಾಜ್ಯದ ಮಾತನ್ನು ವೇದಿಕೆಯ ಮೇಲೆ ಆಡುವವರು ಇದರ ಕಡೆಗೂ ಲಕ್ಷ್ಯ ಕೊಡುವರೆಂದು ಹಾರೈಸುತ್ತೇವೆ.

ಕಾಯಿಸಿದ ಡಾಂಬರಿನ ಕೆಲಸದಲ್ಲಿ ದುಡಿಯುವವರ ಸ್ಥಿತಿಯನ್ನು ಕಂಡವರಿಗೆ ಇದು ಬರಿಯ ಹಣದ ಪ್ರಶ್ನೆಯೆಂದು ತೋರಲಾರದು. ಚೈತ್ರವೈಶಾಖದ ಬಿಸಿಲಿನಲ್ಲಿ, ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು, ಹೊಗೆಯಾಡುವ ಮಿಶ್ರಣದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುವ ಹೆಂಗಸರನ್ನು ನಾವೆಲ್ಲರೂ ನೋಡಿದ್ದೇವೆ. ನೋಡಿ ಮುಂದೆ ಹೋಗಿದ್ದೇವೆ. ಪೀಪಾಯಿಯು ಉಕ್ಕಿದರೆ ಸುಟ್ಟ ಗಾಯಗಳು ಜನ್ಮವಿಡೀ ಉಳಿಯುವವು. ರಸ್ತೆಗೆ ಬಿಸಿ ಡಾಂಬರು ಹಾಕುವವರು ಸೇವಿಸುವ ಹೊಗೆಯು ಅರ್ಬುದರೋಗಕ್ಕೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಮಂಡಲವು 2011ರಲ್ಲಿ ನಿರ್ಣಯಿಸಿತು. ಸಂಭವವೆಂದೇ ಅದು ಹೇಳಿತು, ನಿಶ್ಚಯವೆಂದಲ್ಲ. ಆದರೆ ಆ ಸಂಭವವನ್ನು ಹೊರುವವರು ಗುತ್ತಿಗೆದಾರರೂ ಅಲ್ಲ, ಎಂಜಿನಿಯರರೂ ಅಲ್ಲ, ದಿನಗೂಲಿಯ ಬಡವರು. ಎಮಲ್ಶನ್ನಿಗೂ ಕಾರ್ಖಾನೆಯಲ್ಲಿ ಒಮ್ಮೆ ಡಾಂಬರನ್ನು ಕಾಯಿಸಲೇಬೇಕೆಂಬದು ದಿಟ. ಆದರೆ ಅಲ್ಲಿ ಮುಚ್ಚಿದ ಪಾತ್ರೆಗಳಿವೆ, ಉಷ್ಣಮಾಪಕವಿದೆ. ಜಲ್ಲಿಯನ್ನು ಕಾಯಿಸುವ ಖರ್ಚಂತೂ ಪೂರ್ತಿಯಾಗಿ ಉಳಿಯುವದು. ರಸ್ತೆಯ ಪಕ್ಕದ ಮರಗಳೂ ಉಳಿಯುವವು.

ಗುಂಡಿಯನ್ನು ಮುಚ್ಚುವದಕ್ಕಿಂತಲೂ ಅದು ಬೀಳದಂತೆ ನೋಡಿಕೊಳ್ಳುವದು ಮೇಲಾದುದು. ಎಮಲ್ಶನ್ನಿನ ಅತ್ಯುತ್ತಮ ಉಪಯೋಗವು ಇಲ್ಲಿಯೇ ಇದೆಯೆಂದು ನಮ್ಮ ಎಣಿಕೆ. ರಬ್ಬರಿನಂಥ ಪದಾರ್ಥವನ್ನು ಸೇರಿಸಿದ ಎಮಲ್ಶನ್, ಕಲ್ಲಿನ ಪುಡಿ, ಸ್ವಲ್ಪ ಸಿಮೆಂಟು, ನೀರು, ಇವುಗಳನ್ನು ಚಲಿಸುವ ಯಂತ್ರದಲ್ಲಿ ಕಲಸಿ, 4ರಿಂದ 8 ಮಿಲಿಮೀಟರ ದಪ್ಪಕ್ಕೆ ಹಳೆಯ ರಸ್ತೆಯ ಮೇಲೆ ಬಳಿಯುತ್ತಾರೆ. ಒಂದೆರಡು ತಾಸುಗಳಲ್ಲಿ ವಾಹನಗಳು ಅದರ ಮೇಲೆ ಓಡಾಡಬಹುದು. ಮೈಕ್ರೋಸರ್ಫೇಸಿಂಗ್ ಎಂಬ ಈ ಲೇಪನಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2008ರಲ್ಲಿಯೇ ಕ್ರಮವನ್ನು ವಿಧಿಸಿದೆ. ಬಿರುಕುಗಳು ಮುಚ್ಚಿಹೋಗಿ, ನೀರು ಇಳಿಯುವದು ನಿಂತು, ರಸ್ತೆಯ ಆಯುಷ್ಯವು ಕೆಲವು ವರ್ಷಗಳಷ್ಟು ಹೆಚ್ಚುವದು. ಮನೆಯ ಹಂಚನ್ನು ಮುಂಗಾರಿನ ಮೊದಲು ಕೈಯಾಡಿಸುವ ಬುದ್ಧಿಯು ನಮ್ಮ ಮಲೆನಾಡಿನ ಪ್ರತಿಯೊಬ್ಬ ಗೃಹಸ್ಥನಿಗೂ ಇದೆ. ರಸ್ತೆಗೆ ಮಾತ್ರ ಹಾಗೆ ಕೈಯಾಡಿಸುವವರಿಲ್ಲ. ತಳವೇ ಕುಸಿದ ರಸ್ತೆಗೆ ಈ ಲೇಪನವನ್ನು ಬಳಿಯುವದು ಮಾತ್ರ ಹಣವನ್ನು ಹೊಳೆಗೆ ಸುರಿದಂತೆ. ಇದರಿಂದ ರಸ್ತೆಗೆ ಹೊಸ ಬಲವು ಬರುವದಿಲ್ಲ. ಇದ್ದ ಬಲವು ಉಳಿಯುವದು. ಹೀಗಾಗಿ ರಸ್ತೆಯು ನೋಡಲು ಚೆನ್ನಾಗಿರುವಾಗಲೇ ಖರ್ಚು ಮಾಡಬೇಕಾಗುವದು. ನಮ್ಮ ಆಡಳಿತಗಾರರಿಗೆ ಇದೇ ಕಠಿಣವಾಗಿ ತೋರುತ್ತದೆ. ಹೊಸ ರಸ್ತೆಗೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು, ಶಿಲೆಯ ಮೇಲೆ ಹೆಸರುಂಟು. ಬಿರುಕಿಗೆ ಎಮಲ್ಶನ್ ಬಳಿಯುವದಕ್ಕೆ ಹಾರವನ್ನು ಯಾರು ಹಾಕಿಯಾರು?

ಆಕ್ಷೇಪಗಳು ಇಲ್ಲವೆಂದಲ್ಲ. ತಣ್ಣನೆಯ ಮಿಶ್ರಣಕ್ಕೆ ಹಾಕಿದೊಡನೆ ಪೂರ್ಣ ಬಲವಿರುವದಿಲ್ಲ, ನೀರು ಆರಿದಂತೆಲ್ಲ ಅದು ಬಲಿಯುವದೆಂಬದು ಸರಿಯಾದ ಮಾತು. ಆದಕಾರಣ ಸಾವಿರಾರು ಭಾರಿ ಲಾರಿಗಳು ಓಡುವ ಹೆದ್ದಾರಿಯ ಮುಖ್ಯ ಪದರುಗಳಿಗೆ ಬಿಸಿ ಮಿಶ್ರಣವನ್ನೇ ಹಾಕಲಿ. ಅದರ ಬಗ್ಗೆ ನಮ್ಮ ತಕರಾರಿಲ್ಲ. ನಾವು ಹೇಳುತ್ತಿರುವದು ಕಡಮೆ ಸಂಚಾರದ ಗ್ರಾಮರಸ್ತೆಗಳ ಮಾತು, ದುರಸ್ತಿಯ ಮಾತು. ಬೆಲೆಯು ಹೆಚ್ಚೆಂಬ ಇನ್ನೊಂದು ಆಕ್ಷೇಪವು ಪೀಪಾಯಿಯ ಬೆಲೆಯನ್ನಷ್ಟೇ ನೋಡಿ ಆಡಿದುದು. ಕಟ್ಟಿಗೆ, ಡೀಸೆಲ್, ಸ್ಥಾವರದ ಬಾಡಿಗೆ, ಮಳೆಯಲ್ಲಿ ಸುಮ್ಮನೆ ಕುಳಿತ ದಿನಗಳ ನಷ್ಟ, ಇವುಗಳನ್ನು ಕೂಡಿಸಿ ನೋಡಲಿ. ನೀರನ್ನೂ ಹೊತ್ತು ಸಾಗಿಸಬೇಕಾಗುವದರಿಂದ ಕಾರ್ಖಾನೆಯು ದೂರವಾದಷ್ಟೂ ಸಾಗಣೆಯ ಖರ್ಚು ಏರುವದೆಂಬದನ್ನು ಮಾತ್ರ ಒಪ್ಪಲೇಬೇಕು.

ನಮಗೆ ನಿಜವಾದ ಭೀತಿಯಿರುವದು ಬೇರೊಂದು ವಿಷಯದಲ್ಲಿ. ಹಾಲಿಗೂ ಎಮಲ್ಶನ್ನಿಗೂ ಹೋಲಿಕೆಯನ್ನು ಹೇಳಿದೆವಷ್ಟೆ. ಹಾಲಿಗೆ ನೀರು ಬೆರೆಸುವ ವಿದ್ಯೆಯನ್ನು ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ! ಪ್ರಮಾಣದಂತೆ ಬೇಗನೆ ಒಡೆಯುವ ಎರಡನೆಯ ತರಗತಿಯಲ್ಲಿ ನೂರಕ್ಕೆ 67 ಪಾಲಿಗೆ ಕಡಮೆಯಿಲ್ಲದೆ, ಮಧ್ಯಮಗತಿಯದರಲ್ಲಿ 65ಕ್ಕೆ ಕಡಮೆಯಿಲ್ಲದೆ ಶೇಷಾಂಶವು ಉಳಿಯಬೇಕು. ಪೀಪಾಯಿಗೆ ಒಂದಿಷ್ಟು ನೀರನ್ನು ಸುರಿದರೆ ಬಣ್ಣದಲ್ಲಿ ಭೇದವೇ ಕಾಣಿಸದು. ಇನ್ನೊಂದು ಮೋಸವು ಅಜ್ಞಾನದಿಂದಲೂ ಆಗಬಹುದು. ರಸ್ತೆಯಲ್ಲಿ ಒಂದು ಕಿಲೋ ಅಂಟು ಉಳಿಯಬೇಕಾದರೆ 65ರ ಎಮಲ್ಶನ್ನನ್ನು ಸುಮಾರು 1.54 ಕಿಲೋ ಹಾಕಬೇಕು. ಬಿಸಿ ಡಾಂಬರಿನ ತೂಕದ ಲೆಕ್ಕದಲ್ಲಿಯೇ ಎಮಲ್ಶನ್ನನ್ನೂ ಸುರಿದು ಕೈತೊಳೆದುಕೊಂಡರೆ ಜಲ್ಲಿಗೆ ಅಂಟು ಸಾಲದೆ, ಮೂರು ತಿಂಗಳಲ್ಲಿ ಹರಳುಗಳು ಕಿತ್ತುಬಂದು, ಕೊನೆಗೆ ಅಪಕೀರ್ತಿಯು ಪದಾರ್ಥಕ್ಕೆ ಬರುವದು. ಪೀಪಾಯಿಗಳನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿ ನಿಲ್ಲಿಸಿದರೆ ಅಂಟು ತಳಕ್ಕೆ ಇಳಿಯುವದು. ಬಳಸುವ ಮುಂಚೆ ಉರುಳಿಸಿ ಕಲಕದಿದ್ದರೆ ಮೇಲಿನ ನೀರಷ್ಟೇ ರಸ್ತೆಗೆ ಬೀಳುವದು. ಇವೆಲ್ಲಕ್ಕೂ ಪರಿಹಾರವು ಸುಲಭವಾಗಿದೆ. ತೂಗಿದ ಒಂದಿಷ್ಟು ಎಮಲ್ಶನ್ನಿನ ನೀರನ್ನು ಆರಿಸಿ, ಉಳಿದ ಡಾಂಬರನ್ನು ಮತ್ತೆ ತೂಗಿದರೆ ಸತ್ಯವು ಹೊರಬೀಳುವದು. ಪ್ರಯೋಗಶಾಲೆಯಲ್ಲಿ ಇದಕ್ಕೆ ಗೊತ್ತಾದ ವಿಧಾನವುಂಟು. ಸ್ಥೂಲವಾಗಿ ನೋಡುವದಕ್ಕೆ ತಕ್ಕಡಿಯೊಂದು, ಒಲೆಯೊಂದು, ಬಾಣಲೆಯೊಂದು ಇದ್ದರಾಯಿತು. ಈ ಪರೀಕ್ಷೆಯನ್ನು ಪಂಚಾಯತಿಯ ಸದಸ್ಯರ ಸಮಕ್ಷಮ ನಡೆಯಿಸಿ ಫಲವನ್ನು ಹಲಗೆಯ ಮೇಲೆ ಬರೆದಿಡುವ ಕ್ರಮವು ಏಕಾಗಬಾರದು?

ಹಣವಿಲ್ಲವೆಂಬ ಮಾತನ್ನಂತೂ ನಾವು ಕೇಳಲಾರೆವು. 1927ರಲ್ಲಿ ನೇಮಕವಾದ ಮುಕುಂದರಾವ್ ಜಯಕರರ ಸಮಿತಿಯು ಪೆಟ್ರೋಲಿನ ಮೇಲೆ ಹೆಚ್ಚಿನ ಸುಂಕವನ್ನೆತ್ತಿ ಅದನ್ನು ರಸ್ತೆಗಳಿಗೇ ಮೀಸಲಿಡಬೇಕೆಂದು ಸೂಚಿಸಿತು. ಅದರಂತೆ 1929ರಲ್ಲಿ ಕೇಂದ್ರ ರಸ್ತೆನಿಧಿಯು ಹುಟ್ಟಿತು, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಸ್ಥಾಪಿತವಾಯಿತು. 2000ದಲ್ಲಿ ಆ ನಿಧಿಗೆ ಶಾಸನದ ಆಧಾರವೂ ದೊರೆಯಿತು. ವಾಹನಕ್ಕೆ ಎಣ್ಣೆ ಹಾಕಿಸುವ ಪ್ರತಿಯೊಬ್ಬ ಪ್ರಜೆಯೂ ಸುಮಾರು ಒಂದು ಶತಮಾನದಿಂದ ರಸ್ತೆಯ ಹೆಸರಿನಲ್ಲಿ ಸುಂಕವನ್ನು ತೆರುತ್ತ ಬಂದಿದ್ದಾನೆ. ಅದರ ಮೇಲೆ ವಾಹನದ ತೆರಿಗೆಯೂ ಹೆದ್ದಾರಿಯ ಟೋಲೂ ಬೇರೆ. ತೆತ್ತ ಹಣಕ್ಕೆ ಪ್ರತಿಯಾಗಿ ಅವನು ಕೇಳುತ್ತಿರುವದು ಅರಮನೆಯನ್ನಲ್ಲ, ಗುಂಡಿಯಿಲ್ಲದ ದಾರಿಯನ್ನು.

ವಿಧಿಗಳೂ ಇವೆ. ತಣ್ಣನೆಯ ಮಿಶ್ರಣದ ನಿರ್ಮಾಣಕ್ಕೂ ಪಾಲನೆಗೂ ಸಂಬಂಧಿಸಿದಂತೆ ರೋಡ್ಸ್ ಕಾಂಗ್ರೆಸ್ಸು 2014ರಲ್ಲಿ ಎಸ್.ಪಿ. 100 ಎಂಬ ಕೈಪಿಡಿಯನ್ನೇ ಹೊರಡಿಸಿದೆ. 2000ದ ಡಿಸೆಂಬರದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮಸಡಕ ಯೋಜನೆಯ ಅಡಿಯಲ್ಲಿ, ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾಲಯದವರ ಮಾರ್ಗದರ್ಶನದಿಂದ, ಅಸಾಮ ಮುಂತಾದ ಈಶಾನ್ಯ ಸೀಮೆಗಳಲ್ಲಿ ಈ ವಿಧಾನದ ಗ್ರಾಮರಸ್ತೆಗಳಾಗಿವೆ. ಅಲ್ಲಿಯ ಮಳೆಯು ನಮ್ಮ ಘಟ್ಟದ ಮಳೆಗೆ ಸೋಲುವಂಥದಲ್ಲ. ಅಲ್ಲಿಯೂ ಬೆಟ್ಟವಿದೆ, ಕಾಡಿದೆ, ಸ್ಥಾವರವು ದೂರವಿದೆ. ಅಲ್ಲಿ ಆದುದು ಹೊಸನಗರದಲ್ಲಿ, ಸಿದ್ದಾಪುರದಲ್ಲಿ, ಮಡಿಕೇರಿಯಲ್ಲಿ ಆಗಬಾರದೆಂಬ ಕಾರಣವು ನಮಗೆ ತೋರುವದಿಲ್ಲ. ಅದೇ ಯೋಜನೆಯ ರಸ್ತೆಗಳನ್ನು ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂಬ ಕರಾರಿದೆ. ಆ ಐದು ವರ್ಷಗಳು ತುಂಬಿದ ಮರುದಿನ ರಸ್ತೆಯು ಯಾರದು? ಕಾಗದದ ಮೇಲೆ ಉತ್ತರವಿರಬಹುದು. ಗುಂಡಿಯ ಪಕ್ಕದಲ್ಲಿ ನಿಂತು ಕೇಳಿದರೆ ಉತ್ತರ ಕೊಡುವವರು ಸಿಗುವದಿಲ್ಲ.

ರಾಜ್ಯ ಸರಕಾರಕ್ಕೆ ನಾವು ಸೂಚಿಸತಕ್ಕದ್ದು ಇಷ್ಟು. ಮಲೆನಾಡು ಕರಾವಳಿಗಳ ಪ್ರತಿಯೊಂದು ಉಪವಿಭಾಗದಲ್ಲಿಯೂ ಮೇ ತಿಂಗಳು ಮುಗಿಯುವದರೊಳಗಾಗಿ ಎಮಲ್ಶನ್ನಿನ ಪೀಪಾಯಿಗಳೂ, ಜರಡಿ ಹಿಡಿದ ಜಲ್ಲಿಯೂ, ಕೈಪಂಪು ದಿಮ್ಮಿಸುಗಳೂ ಸಿದ್ಧವಿರಬೇಕು. ಮೂರು ತಿಂಗಳಿಗಿಂತ ಹಳೆಯದಾದ ಸರಕನ್ನು ಪರೀಕ್ಷಿಸದೆ ಬಳಸಕೂಡದು. ಗ್ಯಾಂಗುಗಳನ್ನು ಮತ್ತೆ ಕಟ್ಟಬೇಕು. ಕನಿಷ್ಠಪಕ್ಷ ಜೂನದಿಂದ ಅಕ್ಟೋಬರದ ವರೆಗೆ ಅವರಿಗೆ ತಡೆಯಿಲ್ಲದ ಕೂಲಿಯು ಸಿಗುವಂತೆ ಜಿಲ್ಲಾ ಪಂಚಾಯತಿಗಳ ಅಯವ್ಯಯಪತ್ರಿಕೆಯಲ್ಲಿ ಪ್ರತ್ಯೇಕವಾಗಿ ಹಣವನ್ನು ತೆಗೆದಿಡಬೇಕು. ಸಣ್ಣ ಗುಂಡಿಯನ್ನು ಮುಚ್ಚುವದಕ್ಕೂ ಮೇಲಧಿಕಾರಿಯ ಮಂಜೂರಾತಿಗಾಗಿ ಕಾಗದವನ್ನು ಅಲೆದಾಡಿಸುವ ಪದ್ಧತಿಯನ್ನು ನಿಲ್ಲಿಸಿ, ಕಿರಿಯ ಎಂಜಿನಿಯರನಿಗೆ ಆ ಅಧಿಕಾರವನ್ನೂ ಅದರೊಡನೆ ಹೊಣೆಯನ್ನೂ ಕೊಡಬೇಕು. ಯಾವ ರಸ್ತೆಯಲ್ಲಿ ಎಂದು ಗುಂಡಿ ಕಂಡಿತು, ಎಂದು ಮುಚ್ಚಲಾಯಿತು, ಎಷ್ಟು ಎಮಲ್ಶನ್ ಖರ್ಚಾಯಿತು ಎಂಬದನ್ನು ಬರೆದ ವಹಿಯು ಪ್ರತಿಯೊಂದು ಗ್ರಾಮಪಂಚಾಯತಿಯ ಕಚೇರಿಯಲ್ಲಿ ಯಾರು ಬೇಕಾದರೂ ತೆರೆದು ನೋಡುವಂತೆ ಮೇಜಿನ ಮೇಲೆ ಇರಲಿ. ಬರುವ ವಿಧಾನಮಂಡಲದ ಅಧಿವೇಶನದಲ್ಲಿ ಘಟ್ಟದ ಸೀಮೆಯ ಶಾಸಕರು, ತಮ್ಮ ಪಕ್ಷಗಳ ಜಗಳವನ್ನು ಒಂದು ದಿನದ ಮಟ್ಟಿಗೆ ಬದಿಗಿರಿಸಿ, ಲೋಕೋಪಯೋಗಿ ಮಂತ್ರಿಗಳಿಂದ ಈ ವಿಷಯದಲ್ಲಿ ತಾರೀಖು ಸಹಿತವಾದ ಉತ್ತರವನ್ನು ಪಡೆಯತಕ್ಕದ್ದು.